ಬೆಳೆ ಕಾಯಲು ಮೊದಲ ಕೋವಿ: ಮಿಲಿಟರಿ ರೈಫಲಿನ ಆಸೆ ಬಿಡಿ, ಲೆಕ್ಕ ಹಾಕಿ ನೋಡಿ



ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಭತ್ತದ ತೆನೆ ಬಾಗುವ ಹೊತ್ತಿಗೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬರುವವರ ಪ್ರಶ್ನೆಯೇ ಬದಲಾಗುತ್ತದೆ. ಗೊಬ್ಬರ, ಔಷಧದ ಮಾತು ಹಿಂದೆ ಸರಿದು ಹಂದಿಯ ಮಾತು ಮುಂದೆ ಬರುತ್ತದೆ. ಕಳೆದ ಹಂಗಾಮಿನಲ್ಲಿ ಎರಡೂವರೆ ಎಕರೆಯ ಯುವಕರೊಬ್ಬರು ಬಂದು ಕೇಳಿದರು: "ಸಾರ್, ನಮ್ಮ ಅಜ್ಜ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಜೀಪು ತಂದಿದ್ದರಂತೆ. ಹಾಗೆಯೇ ಹಳೆಯ ಮಿಲಿಟರಿ ರೈಫಲು ಅಗ್ಗಕ್ಕೆ ಸಿಗುವುದಿಲ್ಲವೇ? ಅಮೆರಿಕದ ರೈತರು ಕೊಳ್ಳುವುದನ್ನು ಮೊಬೈಲಿನಲ್ಲಿ ನೋಡಿದೆ."

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಹಲವರ ಮನಸ್ಸಿನಲ್ಲಿದೆ. ಕೈಯಲ್ಲಿರುವ ಹಣ ಸ್ವಲ್ಪ, ಹಂದಿಯ ಹಾವಳಿ ಹೆಚ್ಚು. ಆದುದರಿಂದ ವಿಷಯವನ್ನು ಬುಡದಿಂದ ನೋಡೋಣ.

ಅಮೆರಿಕದ ಮಾತು ಅಮೆರಿಕಕ್ಕೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಲವು ದೇಶಗಳ ಸೈನ್ಯಗಳು ಬಿಟ್ಟ ರೈಫಲುಗಳು ಅಮೆರಿಕದ ಮಾರುಕಟ್ಟೆಗೆ ರಾಶಿ ರಾಶಿಯಾಗಿ ಬಂದವು. ಅಂಚೆಯಲ್ಲಿ ಹಣ ಕಳುಹಿಸಿದರೆ ರೈಫಲು ಮನೆಗೆ ಬರುತ್ತಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದದ್ದು ಹೀಗೆಯೇ ಸುಮಾರು 20 ಡಾಲರಿಗೆ ಅಂಚೆಯಲ್ಲಿ ತರಿಸಿದ, ಇಟಲಿ ಸೈನ್ಯದ ಹಳೆಯ ರೈಫಲು. 1968ರ ಕಾನೂನು ಅಂಚೆ ಮಾರಾಟವನ್ನು ನಿಲ್ಲಿಸಿತು, ಹಳೆಯ ಮಿಲಿಟರಿ ರೈಫಲುಗಳ ಆಮದಿಗೂ ತಡೆ ಹಾಕಿತು. 1980ರ ದಶಕದಲ್ಲಿ ಆಮದು ಮತ್ತೆ ತೆರೆಯಿತು. ನಮ್ಮ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ರೈಫಲುಗಳೂ ಅಲ್ಲಿನ ಹಳೆ ಸರಕಿನ ಅಂಗಡಿ ಸೇರಿವೆ. ಈಗ ಅಲ್ಲಿಯೂ ಅಗ್ಗದ ಕಾಲ ಮುಗಿಯುತ್ತಿದೆ. ಒಂದು ಕಾಲಕ್ಕೆ ತೀರ ಸೋವಿಯಾಗಿದ್ದ ರಷ್ಯದ ಮೊಸಿನ್ ನಾಗಾಂತ್ ರೈಫಲಿನ ಬೆಲೆಯೂ ಏರಿಬಿಟ್ಟಿದೆ.

ನಮ್ಮ ದೇಶದ ದಾರಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಕೆಳಗಿನ ನಿಯಮಗಳು .303 ಮತ್ತು 7.62 ಮಿ.ಮೀ. ರೈಫಲುಗಳನ್ನು, ಆ ಅಳತೆಯ ಸೈನ್ಯದ ತೋಟಾ ಹಾರಿಸಬಲ್ಲ ಬೇರೆ ರೈಫಲುಗಳನ್ನು, ಸಾಮಾನ್ಯರ ಕೈಗೆ ಸಿಗದ ನಿರ್ಬಂಧಿತ ಪಟ್ಟಿಯಲ್ಲಿ ಇಟ್ಟಿವೆ. ಈ ಕಟ್ಟುಪಾಡು ಬ್ರಿಟಿಷರ ಕಾಲದ್ದು. ಪ್ರಜೆಯ ಕೈಯಲ್ಲಿ ಸೈನ್ಯದ ತೋಟಾ ನಡೆಯುವ ಬಂದೂಕು ಇರಬಾರದೆಂಬುದು ಅವರ ಎಚ್ಚರಿಕೆ. ಅದಕ್ಕಾಗಿಯೇ ನಾಗರಿಕರಿಗೆಂದು .315 ಅಳತೆಯ ರೈಫಲು ಬಳಕೆಗೆ ಬಂತು. ನಮ್ಮ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ಅದನ್ನೇ ಮುಂದುವರಿಸಿದವು. 2021ರ ಅಕ್ಟೋಬರ್ 1ರಂದು ಈ ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳನ್ನಾಗಿ ವಿಂಗಡಿಸಲಾಯಿತು.

.303 ರೈಫಲು 1962ರ ಚೀನಾ ಯುದ್ಧದವರೆಗೂ ನಮ್ಮ ಯೋಧರ ಹೆಗಲಿನಲ್ಲಿತ್ತು. ಆಮೇಲೆ ದಶಕಗಳ ಕಾಲ ಪೋಲೀಸರ ಕೈಯಲ್ಲಿತ್ತು. ಉತ್ತರ ಪ್ರದೇಶದ ಪೋಲೀಸರು 2020ರ ಗಣರಾಜ್ಯ ದಿನದಂದು ಅದಕ್ಕೆ ವಿದಾಯ ಹೇಳಿದರು. ಸೇವೆಯಿಂದ ಇಳಿದ ಮಾತ್ರಕ್ಕೆ ಅದು ರೈತನ ಹೆಗಲಿಗೆ ಏರುವುದಿಲ್ಲ. ಯಾರಾದರೂ "ಮಿಲಿಟರಿ ಮಾಲು ಕೊಡಿಸುತ್ತೇನೆ" ಎಂದು ಸಂತೆಯಲ್ಲಿ ಕಿವಿಯೂದಿದರೆ ಅದು ಕಳ್ಳಮಾಲು ಎಂದೇ ತಿಳಿಯಿರಿ. ಮುಂಗಡ ಕೊಟ್ಟವರಿಗೆ ಹಣವೂ ಹೋದೀತು, ಜೈಲೂ ಬಂದೀತು. 2019ರ ತಿದ್ದುಪಡಿಯ ನಂತರ ಶಿಕ್ಷೆಗಳು ಮೊದಲಿಗಿಂತ ಹೆಚ್ಚಿವೆ.

ಸಿಕ್ಕಿದರೂ ಬೇಡ, ಏಕೆ?

ಕಾನೂನನ್ನು ಒಂದು ಕ್ಷಣ ಬದಿಗಿಡಿ. ರೈಫಲಿನ ನಳಿಗೆಯ ಒಳಗೆ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ. ಗುಂಡು ತಿರುಗುತ್ತ ಹೊರಟು ನೇರವಾಗಿ, ಬಹು ದೂರ ಹೋಗುತ್ತದೆ. .303 ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ನಮ್ಮ ಹೊಲಗಳ ಆಚೆಗೆ ಏನಿದೆ? ಪಕ್ಕದವರ ಅಟ್ಟಣೆ, ಅದರಾಚೆ ರಸ್ತೆ, ಅದರಾಚೆ ಊರು. ಗುರಿ ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆಂದು ರಾತ್ರಿಯ ಕತ್ತಲಲ್ಲಿ ಹೇಳುವವರು ಯಾರು?

ತೋಟಾ ಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಹೊರಡುವ ಚರೆಯ ಪರಿಣಾಮ ಸುಮಾರು 35-40 ಮೀಟರಿನವರೆಗೆ ಚೆನ್ನಾಗಿರುತ್ತದೆ. ಬೆಳೆ ಕಾಯಲು ಅಷ್ಟು ಸಾಕು. ಆದರೆ ದೊಡ್ಡ ಚರೆ ನೂರಾರು ಮೀಟರು ಹೋಗಿ ಗಾಯ ಮಾಡಬಲ್ಲುದೆಂಬುದನ್ನೂ ಮರೆಯಬಾರದು.

ಕಾನೂನು ಬೆಳೆಗಾರನಿಗೆ ಏನು ಕೊಟ್ಟಿದೆ?

ಕಾಯಿದೆಯ 13ನೆಯ ಕಲಂನಲ್ಲಿ ಬೆಳೆ ರಕ್ಷಣೆಯ ಮಾತು ಸ್ಪಷ್ಟವಾಗಿಯೇ ಇದೆ. ನಿಜವಾದ ಬೆಳೆ ರಕ್ಷಣೆಗೆ ಮೊದಲ ಆಯ್ಕೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ನಾವು ಹೇಳುವ ಕೇಪಿನ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದು. ಈ ಕ್ರಮದಲ್ಲಿ ರೈಫಲಿನ ಮಾತೇ ಇಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2016ರ ಹೊಸ ನಿಯಮಗಳ ಪ್ರಕಾರ ಸುರಕ್ಷತೆಯ ತರಬೇತಿ ಬೇಕು, ಕೋವಿಯನ್ನು ಭದ್ರವಾಗಿಡುವ ವ್ಯವಸ್ಥೆಯೂ ಬೇಕು. ಪೋಲೀಸ್ ವರದಿ ಬಂದ ಮೇಲೆ ತೀರ್ಮಾನ.

ಕೊಡಗಿನ ಓದುಗರ ವಿಷಯ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ, ಮುಂದುವರಿಸಿದೆ. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಕಾಡುಪ್ರಾಣಿ ಕೊಲ್ಲುವುದಕ್ಕಲ್ಲ.

ಕೇಪಿನ ಕೋವಿಯೋ, ತೋಟಾ ಕೋವಿಯೋ?

ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಒಂಟಿ ನಳಿಗೆಯ ಕೋವಿಯೇ ಸರಿ. ಕೇಪಿನ ಕೋವಿ ಬೆಲೆಯಲ್ಲಿ ಕಡಿಮೆ. ಸದ್ದು ಮಾಡಿ ಹಂದಿ ಓಡಿಸಲು ಸಾಕು. ದೋಷವೆಂದರೆ ಮಳೆಗಾಲದ ತೇವಕ್ಕೆ ಮದ್ದು ಹಿಡಿಯುವುದಿಲ್ಲ, ಒಂದು ಈಡಾದ ಮೇಲೆ ಮತ್ತೆ ತುಂಬಲು ಹೊತ್ತು ಬೇಕು. ತುಂಬಿದ್ದನ್ನು ಮರೆತು ಮತ್ತೆ ತುಂಬಿದರೆ ನಳಿಗೆ ಸಿಡಿಯುತ್ತದೆ. ಗಜಕಡ್ಡಿಗೆ ಖಾಲಿ ನಳಿಗೆಯ ಗುರುತು ಹಾಕಿಟ್ಟುಕೊಂಡರೆ ಈ ಅಪಾಯ ತಪ್ಪುತ್ತದೆ. ಕೇಪು ಹೊಡೆದೂ ಈಡು ಹೋಗದಿದ್ದರೆ ಕೋವಿಯ ಬಾಯಿಯನ್ನು ತಕ್ಷಣ ಇಣುಕಬೇಡಿ. ಬಾಯಿ ಆಚೆಗೇ ಇರಲಿ, ಒಂದೆರಡು ನಿಮಿಷ ಕಾಯಿರಿ.

ಹನ್ನೆರಡು ಬೋರಿನ ತೋಟಾ ಕೋವಿಗೆ ತೇವದ ತೊಂದರೆ ಕಡಿಮೆ. ತೋಟಾ ತೆಗೆದರೆ ಕೋವಿ ಖಾಲಿಯೆಂಬುದು ಕಣ್ಣಿಗೇ ಕಾಣುತ್ತದೆ. ಬೆಲೆ ಮಾತ್ರ ಹೆಚ್ಚು. ಜೋಡು ನಳಿಗೆಯದು ಇನ್ನೂ ದುಬಾರಿ. ಮೊದಲ ಕೋವಿಗೆ ಅದರ ಅಗತ್ಯ ಕಾಣೆ.

ಹಳೆಯದನ್ನು ಕೊಳ್ಳುವುದಾದರೆ ಪೇಟೆಯ ಲೈಸೆನ್ಸುದಾರ ಅಂಗಡಿಯ ಕೆಲಸಗಾರರಿಂದ ಪರೀಕ್ಷೆ ಮಾಡಿಸಿ. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ನೀವೂ ನೋಡಬೇಕಾದವು ಇವು:

1. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ತುಕ್ಕಿನ ಗುಳಿಗಳು, ಹೊರಗೆ ಉಬ್ಬು ಅಥವಾ ತಗ್ಗು ಇದ್ದರೆ ಬೇಡ.

2. ನಳಿಗೆ ಹಿಡಿಗೆ ಕೂಡುವ ಕಡೆ ಅಲುಗಾಡಬಾರದು. ಮರದ ಹಿಡಿ ಸೀಳಿರಬಾರದು.

3. ಕೋವಿಯ ಮೇಲಿನ ನಂಬರೂ ಲೈಸೆನ್ಸಿನಲ್ಲಿರುವ ನಂಬರೂ ಒಂದೇ ಆಗಿರಬೇಕು. ನಂಬರು ಉಜ್ಜಿದ ಗುರುತಿದ್ದರೆ ಆ ಮನೆಯಿಂದ ಎದ್ದು ಬನ್ನಿ.

4. ಹಳೆಯ ವಿಲಾಯತಿ ಕೋವಿಗಳಲ್ಲಿ ಎರಡೂವರೆ ಅಂಗುಲದ ತೋಟಾ ಹಿಡಿಯುವವು ಇವೆ. ಇಂದಿನ ಎರಡು ಮುಕ್ಕಾಲು ಅಂಗುಲದ ತೋಟಾ ಅದರಲ್ಲಿ ಹಾರಿಸಬಾರದು. ತೋಟಾ ಒಳಗೆ ಕೂತಿತೆಂಬುದು ಸರಿಯೆಂಬುದಕ್ಕೆ ಸಾಕ್ಷಿಯಲ್ಲ.

ನೆಂಟರಿಂದ, ನೆರೆಯವರಿಂದ ಕೊಳ್ಳುವಾಗಲೂ ಕೈಯಿಂದ ಕೈಗೆ ಕೊಡುವಂತಿಲ್ಲ. ಕೊಳ್ಳುವವರಿಗೆ ಮೊದಲೇ ಲೈಸೆನ್ಸು ಇರಬೇಕು. ಮಾರುವವರು ಬರಹದಲ್ಲಿ ಅಧಿಕಾರಿಗೆ ತಿಳಿಸಿ 45 ದಿನ ಕಳೆಯಬೇಕು. ತಂದೆ ತೀರಿಕೊಂಡ ಮನೆಯ ಕೋವಿಯನ್ನು ಅಟ್ಟದ ಮೇಲೆ ಇಟ್ಟುಕೊಂಡವರು ಹಲವರಿದ್ದಾರೆ. ಅದನ್ನು ಠಾಣೆಗೋ ಅಂಗಡಿಗೋ ಜಮಾ ಮಾಡಿ, ನಂತರ ನಿಮ್ಮ ಹೆಸರಿಗೆ ಅರ್ಜಿ ಹಾಕಿ.

ಕೋವಿ ಬಂದರೆ ಹಂದಿ ಹೊಡೆಯಬಹುದೇ?

ಇಲ್ಲ. ಕೋವಿಯ ಲೈಸೆನ್ಸು ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾಡುಹಂದಿ ಈಗ ಎರಡನೆಯ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು. ಆನೆ, ಕಾಟಿ, ಚಿರತೆ, ನವಿಲು ಮೊದಲನೆಯ ಪಟ್ಟಿಯವು. ಅವುಗಳನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆಮನೆ.

ಕೇರಳ ಸರ್ಕಾರ 2022ರಲ್ಲಿ ಹಂದಿಯ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಗುಂಡು ಹಾರಿಸುವವರು ಲೈಸೆನ್ಸು ಇರುವ ಕೋವಿಯವರೇ ಆಗಿರಬೇಕು. ಹಂದಿ ಬರುವುದು ಈ ರಾತ್ರಿ, ಅನುಮತಿ ಬರುವುದು ಕೊಯ್ಲಾದ ಮೇಲೆ ಎಂಬಂತಿದ್ದರೆ ಕಾಯಿದೆಯಲ್ಲಿ ಅವಕಾಶವಿದ್ದೂ ಪ್ರಯೋಜನವಿಲ್ಲ. ಆದುದರಿಂದ ಅನುಮತಿ ಹಳ್ಳಿಗೆ ಹತ್ತಿರ ಬರಬೇಕೆಂಬ ಬೇಡಿಕೆ ನ್ಯಾಯವಾದದ್ದು. ಚುನಾವಣೆ ಬಂದಾಗ ಬೆಳೆ ಕೋವಿಗಳೂ ಠಾಣೆ ಸೇರುತ್ತವೆ. ಬೆಳೆ ರಕ್ಷಣೆಯ ಕಾರಣ ಬರೆದು ವಿನಾಯಿತಿ ಕೇಳಲು ಪರಿಶೀಲನಾ ಸಮಿತಿ ಇರುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ಅರ್ಜಿ ಕೊಡಿ.

ನಾನು ಕಂಡದ್ದು

ಹಲವು ವರ್ಷಗಳ ಹಿಂದೆ ಮಲೆನಾಡಿನ ತಾಲ್ಲೂಕೊಂದರಲ್ಲಿ ಕೆಲಸದಲ್ಲಿದ್ದೆ. ಜೋಳದ ಹೊಲದಲ್ಲಿ ಸರಸರ ಸದ್ದಾಯಿತೆಂದು ಒಬ್ಬರು ಈಡು ಹೊಡೆದರು. ಜೋಳದೊಳಗಿದ್ದವರು ಅವರ ದೊಡ್ಡಪ್ಪನ ಮಗ. ಆ ಕಡೆಯಿಂದ ಹಂದಿ ಓಡಿಸಲು ಬಂದಿದ್ದರು. ಜೀವ ಉಳಿಯಿತು, ಮೊಣಕಾಲು ಉಳಿಯಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು. ಬೆಳೆಹಾನಿ ನೋಡಲು ನಾನು ಹೋದಾಗ ಹಂದಿ ತಿಂದದ್ದು ಹತ್ತು ಸಾಲು ಜೋಳ. ಸದ್ದಿಗೆ ಗುಂಡು ಹೊಡೆಯಬೇಡಿ. ಕಣ್ಣಿಗೆ ಸ್ಪಷ್ಟವಾಗಿ ಕಾಣದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಬೆರಳು ಆಡಿಸಬೇಡಿ. ಲೈಸೆನ್ಸಿನಲ್ಲಿ ಹೆಸರಿಲ್ಲದ ಮಗನ ಕೈಗೋ ಆಳಿನ ಕೈಗೋ ಕೋವಿ ಕೊಟ್ಟು ಹೊಲಕ್ಕೆ ಕಳುಹಿಸಬೇಡಿ. ಮನೆಗೆ ಬರುವಾಗ ಕೋವಿ ಖಾಲಿಯಾಗಿರಲಿ.

ಕೊಳ್ಳುವ ಮೊದಲು ಲೆಕ್ಕ

ಆ ಯುವಕರೊಡನೆ ಕೂತು ಲೆಕ್ಕ ಹಾಕಿದೆ. ಎಕರೆಗೆ 20 ಕ್ವಿಂಟಾಲಿನಂತೆ ಎರಡೂವರೆ ಎಕರೆಗೆ 50 ಕ್ವಿಂಟಾಲ್. ಐದರಲ್ಲೊಂದು ಪಾಲು ಹಂದಿಗೆ ಹೋದರೆ 10 ಕ್ವಿಂಟಾಲ್. 2025-26ರ ಬೆಂಬಲ ಬೆಲೆ 2,400 ರೂಪಾಯಿಯಂತೆ 24,000 ರೂಪಾಯಿ ನಷ್ಟ. ಇನ್ನೊಂದು ಕಡೆ ಕೋವಿಯ ಬೆಲೆ, ಕಬ್ಬಿಣದ ಪೆಟ್ಟಿಗೆ, ಲೈಸೆನ್ಸಿನ ಶುಲ್ಕ, ತೋಟಾ, ಜಿಲ್ಲಾ ಕೇಂದ್ರಕ್ಕೆ ಓಡಾಟ ಬರೆಯಿರಿ. ಅದರ ಮೇಲೆ ಎರಡು ತಿಂಗಳ ನಿದ್ದೆಯನ್ನೂ ಬರೆಯಿರಿ. ಕೋವಿ ತಾನಾಗಿ ಹೊಲ ಕಾಯುವುದಿಲ್ಲ, ಕೋವಿ ಹಿಡಿದವನು ಕಾಯಬೇಕು.

ಸೌರ ಬೇಲಿ ನಿದ್ದೆ ಮಾಡುವುದಿಲ್ಲ. ಒಬ್ಬರಿಗೆ ಅದು ದುಬಾರಿ, ಹತ್ತು ಜನಕ್ಕೆ ಅಲ್ಲ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಚೌಕಾಕಾರದ ಹತ್ತು ಎಕರೆಯದು ಸುಮಾರು 805 ಮೀಟರ್, ಅಂದರೆ ಎಕರೆಗೆ 80 ಮೀಟರು ಮಾತ್ರ. ಕೂಡಿ ಹಾಕಿದರೆ ಬೇಲಿಯ ಉದ್ದ ಎಕರೆಗೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಂದಿ ನುಸುಳುವ ಪ್ರಾಣಿಯಾದುದರಿಂದ ಕೆಳಗಿನ ತಂತಿ ನೆಲಕ್ಕೆ ಹತ್ತಿರವಿರಲಿ. ತಂತಿಗೆ ಕಳೆ ತಾಗದಂತೆ ಸವರುತ್ತಿರಿ. ಲೈನಿನ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಮಾತ್ರ ಮಹಾಪರಾಧ. ಅದು ಹಂದಿ ಯಾವುದು, ಮನೆಯ ಮಗು ಯಾವುದು ಎಂದು ನೋಡುವುದಿಲ್ಲ. ಸಿಡಿಮದ್ದು, ಉರುಳುಗಳೂ ಅಷ್ಟೇ. ಸಹಾಯಧನ, ಬೆಳೆಹಾನಿ ಪರಿಹಾರದ ವಿವರವನ್ನು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಕೇಳಿ.

ಇನ್ನೊಂದು ಸುದ್ದಿ ಗಮನಿಸಿ. ಕಾಡುಪ್ರಾಣಿಯಿಂದಾದ ಬೆಳೆಹಾನಿಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕು. ಯಾವ ಜಿಲ್ಲೆ, ಯಾವ ಪ್ರಾಣಿ ಎಂಬುದನ್ನು ರಾಜ್ಯಗಳು ಗೊತ್ತುಪಡಿಸಬೇಕು. ನಿಮ್ಮ ಬೆಳೆಗೆ ವಿಮೆ ಕಟ್ಟುವಾಗಲೇ ಇದನ್ನು ವಿಚಾರಿಸಿ.

ಕೊನೆಯ ಮಾತು

ಮೊದಲು ನೆರೆಯವರೊಡನೆ ಕೂಡಿ ಬೇಲಿ, ಜೊತೆಗೆ ವಿಮೆ. ಅಷ್ಟರಲ್ಲಿ ಆಗದಿದ್ದರೆ ಲೈಸೆನ್ಸು ಪಡೆದು ನುಣುಪು ನಳಿಗೆಯ ಒಂಟಿ ಕೋವಿ. ಮಿಲಿಟರಿ ರೈಫಲಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಆ ಯುವಕರು ಈಗ ಸುತ್ತಲಿನ ಏಳು ಜನರನ್ನು ಕೂಡಿಸಿಕೊಂಡು ಬೇಲಿಯ ಮಾತು ನಡೆಸಿದ್ದಾರೆ. ಒಬ್ಬರು ಇನ್ನೂ ಒಪ್ಪಿಲ್ಲ. ಅವರ ಹೊಲ ನಡುವೆ ಇದೆ. ಅವರನ್ನು ಒಪ್ಪಿಸುವುದು ಕೋವಿ ಕೊಳ್ಳುವುದಕ್ಕಿಂತ ಕಷ್ಟವಾದೀತು. ಆದರೂ ಅದೇ ಮೊದಲು ಮಾಡಬೇಕಾದ ಕೆಲಸ.