ದೂರದ ಮೈದಾನ, ಮನೆಯ ಪಡಸಾಲೆ



ಲಿಂಗಸುಗೂರಿನ ತಾಯಿಯೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ, ಬೆಂಗಳೂರು ಎಫ್.ಸಿ. ಕಾಲ್ಚೆಂಡು ತಂಡವೆಂದರೆ ಅವನಿಗೆ ಪ್ರಾಣ. ಮನೆಯಲ್ಲಿರುವುದು ಒಂದೇ ಟಿ.ವಿ. ಸಂಜೆ ಪಂದ್ಯ ಆರಂಭವಾಗುವ ಹೊತ್ತಿಗೆ ಸರಿಯಾಗಿ ಅತ್ತೆಯವರ ಧಾರಾವಾಹಿ. ಅದು ಮುಗಿದೊಡನೆ ಮಾವನವರ ವಾರ್ತೆ. ಹುಡುಗ ತಂದೆಯ ಮೊಬೈಲ್ ಹಿಡಿದು ಮಾಳಿಗೆ ಏರತೊಡಗಿದ. ಯಾರೋ ಕಳುಹಿಸಿದ ‘ಪುಕ್ಕಟೆ ಪಂದ್ಯ’ದ ಲಿಂಕ್ ಒತ್ತಿದ, ತಂದೆಯ ಬ್ಯಾಂಕ್ ಖಾತೆಯಿಂದ 2,300 ರೂಪಾಯಿ ಹೋಯಿತು. “ಇನ್ನು ಈ ಮನೆಯಲ್ಲಿ ಆಟದ ಹೆಸರನ್ನೇ ಎತ್ತಕೂಡದು” ಎಂದು ತಂದೆ ಆಜ್ಞಾಪಿಸಿದರು. ಹುಡುಗ ಅಂದಿನಿಂದ ತಂದೆಯೊಡನೆ ಮಾತು ಬಿಟ್ಟಿದ್ದಾನೆ. “ಆಟ ನೋಡುವುದೇ ದೋಷವೋ, ನೋಡುವ ಕ್ರಮದಲ್ಲಿ ದೋಷವೋ ತಿಳಿಸಿಕೊಡಬೇಕು” ಎಂದು ಆ ತಾಯಿ ಕೇಳಿದ್ದಾರೆ.

ಪ್ರಶ್ನೆಯೊಳಗೇ ಉತ್ತರವನ್ನು ಅವರು ಅರ್ಧ ಬಿಡಿಸಿಟ್ಟಿದ್ದಾರೆ. ದೋಷವಿರುವುದು ಆಟದಲ್ಲಲ್ಲ, ಆ ಮಗು ಅದನ್ನು ಮಾಳಿಗೆಯ ಮೇಲೆ ಒಬ್ಬನೇ ಕತ್ತಲಲ್ಲಿ ಕುಳಿತು ನೋಡಬೇಕಾಗಿ ಬಂದುದರಲ್ಲಿ ಇದೆ.

ನಮ್ಮ ಭಾಗಕ್ಕೆ ಟಿ.ವಿ. ಮೊದಲು ಬಂದದ್ದು ಮನೆಯ ವಸ್ತುವಾಗಿ ಅಲ್ಲ, ಊರಿನ ವಸ್ತುವಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಭಾರತದಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದು ಟಿ.ವಿ. ಇರಿಸಿದರು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರಾಜಧಾನಿಯವರಿಗಿಂತ ಆರು ವರ್ಷ ಮೊದಲು ರಾಯಚೂರು ಸೀಮೆಯ ರೈತರು ಟಿ.ವಿ. ಕಂಡಿದ್ದರೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಅಂದು ಒಂದು ಪೆಟ್ಟಿಗೆಯ ಮುಂದೆ ಊರೇ ಕೂಡುತ್ತಿತ್ತು. ಇಂದು ಒಂದು ಮನೆಯ ಐದು ಜನ ಐದು ಮೂಲೆಯಲ್ಲಿ ಐದು ಮೊಬೈಲ್ ಹಿಡಿದು ಕೂಡುತ್ತಾರೆ. ಆಟವನ್ನು ನೋಡುವ ಸರಿಯಾದ ಕ್ರಮ ಯಾವುದೆಂದು ಕೇಳಿದರೆ ನಾವು ಆ ಹಳೆಯ ಪೆಟ್ಟಿಗೆಯತ್ತಲೇ ಬೆರಳು ತೋರಿಸುತ್ತೇವೆ. ಅದಕ್ಕೆ ಮನೆಯವರು ಏನು ಮಾಡಬೇಕೆಂಬುದನ್ನು ಈಗ ವಿಚಾರಿಸೋಣ.

ಹಿರಿಯರ ಮುಖ್ಯ ಆಕ್ಷೇಪ ಕಾಲಹರಣದ್ದು. ಕ್ರಿಕೆಟ್ಟನ್ನು ಕಂಡ ಕಣ್ಣಿಗೆ ಎಲ್ಲ ಆಟವೂ ದಿನವಿಡೀ ನಡೆಯುವಂತೆ ತೋರುವುದು ಸಹಜ. ಕಾಲ್ಚೆಂಡಾಟದ ಲೆಕ್ಕ ಬೇರೆ. 45 ನಿಮಿಷದ ಎರಡು ಅವಧಿಗಳು, ನಡುವೆ 15 ನಿಮಿಷಕ್ಕೆ ಮೀರದ ವಿರಾಮ, ಕೊನೆಗೆ ನಿಂತುಹೋದ ಕಾಲಕ್ಕಾಗಿ ಕೆಲವು ನಿಮಿಷ. 7:30ಕ್ಕೆ ಆರಂಭವಾದ ಲೀಗ್ ಪಂದ್ಯ 9:30ರೊಳಗೆ ಮುಗಿದೇ ಮುಗಿಯುತ್ತದೆ. ನಾಕೌಟ್ ಪಂದ್ಯ ಸಮನಾದರೆ ಮಾತ್ರ 30 ನಿಮಿಷ ಹೆಚ್ಚು, ಅಲ್ಲಿಯೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಒದೆತ. ಇಷ್ಟು ಖಚಿತವಾದ ಕಾಲವುಳ್ಳ ಆಟಕ್ಕೆ ಮನೆಯ ವ್ಯವಸ್ಥೆಯನ್ನು ಹೊಂದಿಸುವುದು ಕಷ್ಟವಲ್ಲ. ಲೀಗಿನ ವೇಳಾಪಟ್ಟಿ ಪ್ರಕಟವಾದೊಡನೆ ತಂಡದ ಪಂದ್ಯದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಗನೇ ಗುರುತಿಸಲಿ. ತಿಂಗಳಿಗೆ ಮೂರೋ ನಾಲ್ಕೋ ಬರುತ್ತವೆ. ಆ ಸಂಜೆಗಳಲ್ಲಿ ಟಿ.ವಿ. ಅವನದು, ಉಳಿದ ಸಂಜೆಗಳಲ್ಲಿ ಅವನು ಕೇಳಕೂಡದು. ಪಾಠ, ಸ್ನಾನ, ಪೂಜೆ ಪಂದ್ಯಕ್ಕೆ ಮೊದಲೇ ಮುಗಿದಿರಬೇಕು. ವಿರಾಮದ ಹೊತ್ತಿನಲ್ಲಿ ಊಟ. ಧಾರಾವಾಹಿಯ ಒಂದು ಕಂತು ತಪ್ಪಿದರೆ ಕಥೆ ಮುಂದೆ ಹೋಗಿಬಿಡುತ್ತದೆಂಬ ಭಯ ಅತ್ತೆಯವರಿಗೆ ಬೇಡ. ಒಂದು ತಿಂಗಳು ಬಿಟ್ಟು ನೋಡಿದರೂ ಅದು ಅಲ್ಲಿಯೇ ನಿಂತಿರುತ್ತದೆ.

ಪಂದ್ಯ ಯಾವ ವಾಹಿನಿಯಲ್ಲಿ ಬರುತ್ತದೆ ಎಂಬುದು ಎರಡನೆಯ ತೊಡಕು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಂದಿನಿಂದ 2023ರವರೆಗೆ ಸ್ಟಾರ್ ಸ್ಪೋರ್ಟ್ಸ್ ವಾಹಿನಿಗಳಲ್ಲಿ ಬಂದಿತು. ಕೆಲವು ಋತುಗಳಲ್ಲಿ ಕನ್ನಡದ ವಿವರಣೆಯೂ ಇತ್ತು. 2023-24ರಲ್ಲಿ ಅದು ಸ್ಪೋರ್ಟ್ಸ್18 ಮತ್ತು ಜಿಯೋಸಿನಿಮಾಕ್ಕೆ ಹೋಯಿತು. 2025ರಲ್ಲಂತೂ ಒಕ್ಕೂಟಕ್ಕೂ ಅದರ ವಾಣಿಜ್ಯ ಪಾಲುದಾರರಿಗೂ ಇದ್ದ ಒಪ್ಪಂದದ ಗೊಂದಲದಿಂದ ಲೀಗೇ ಸಕಾಲಕ್ಕೆ ಆರಂಭವಾಗಲಿಲ್ಲ. ಆ ಆಗಸ್ಟ್‌ನಲ್ಲಿ ಬೆಂಗಳೂರು ತಂಡ ತನ್ನ ಆಟಗಾರರ ವೇತನವನ್ನೇ ತಡೆಹಿಡಿಯಿತು. ಆದ್ದರಿಂದ ಯಾವ ವಾಹಿನಿಗೂ ವರ್ಷದ ಹಣವನ್ನು ಮುಂಗಡವಾಗಿ ಕೊಡಬೇಡಿ. ವೇಳಾಪಟ್ಟಿಯೂ ವಾಹಿನಿಯ ಹೆಸರೂ ಎರಡೂ ಪ್ರಕಟವಾದ ಮೇಲೆ ಒಂದೊಂದು ತಿಂಗಳಿಗೆ ಹಾಕಿಸಿದರೆ ಸಾಕು. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಬೇಕಾದ ವಾಹಿನಿಯೊಂದನ್ನೇ ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಕೇಬಲ್ಲಿನವರು ದೊಡ್ಡ ಪ್ಯಾಕೇ ಬೇಕೆಂದರೆ ಈ ಮಾತನ್ನು ವಿನಯದಿಂದ ನೆನಪಿಸಿರಿ.

ಇನ್ನೊಂದು ಸಂಗತಿ ಅನೇಕರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಪಕ್ಕದ ಮನೆಯ ಡಿ.ಡಿ. ಸ್ಪೋರ್ಟ್ಸ್‌ನಲ್ಲಿ ಪಂದ್ಯ ಬರುತ್ತಿರುವಾಗ ನಮ್ಮ ಮನೆಯ ಅದೇ ವಾಹಿನಿಯಲ್ಲಿ ಬೇರೇನೋ ಬರುತ್ತಿರುವುದುಂಟು. ಇದು ಪೆಟ್ಟಿಗೆಯ ದೋಷವಲ್ಲ. ಸರ್ಕಾರ ರಾಷ್ಟ್ರೀಯ ಮಹತ್ವದವೆಂದು ಗೊತ್ತುಪಡಿಸಿದ ಪಂದ್ಯಗಳನ್ನು ಖಾಸಗಿ ವಾಹಿನಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ಹೇಳುತ್ತದೆ. ಆದರೆ ಹಾಗೆ ಹಂಚಿಕೊಂಡ ಪಂದ್ಯವನ್ನು ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು, ಕೇಬಲ್ಲಿನಲ್ಲಿ ಕೂಡದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. ಆದ್ದರಿಂದ ಡಿ.ಡಿ. ಫ್ರೀ ಡಿಶ್ ಇರುವ ಮನೆಗೆ ಕಾಣುವುದು ಕೇಬಲ್ ಮನೆಗೆ ಕಾಣದು. ಒಮ್ಮೆ ತಟ್ಟೆಯನ್ನೂ ಪೆಟ್ಟಿಗೆಯನ್ನೂ ಕೊಂಡರೆ ಫ್ರೀ ಡಿಶ್‌ಗೆ ಮಾಸಿಕ ಶುಲ್ಕವಿಲ್ಲ. ಆದರೆ ಕ್ಲಬ್ ತಂಡಗಳ ಲೀಗಿಗೆ ಅದನ್ನೇ ನೆಚ್ಚಿ ಕುಳಿತುಕೊಳ್ಳುವಂತಿಲ್ಲ.

ಮೊಬೈಲಿನ ಲಿಂಕುಗಳ ವಿಷಯದಲ್ಲಿ ಮಾತ್ರ ನಾವು ಕಠೋರರು. ಹಕ್ಕುದಾರರ ಆ್ಯಪ್ ಬಿಟ್ಟು ಬೇರೆ ಯಾವ ಲಿಂಕನ್ನೂ ಒತ್ತಕೂಡದು. ಅಂಥ ಪುಟಗಳಲ್ಲಿ ಪಂದ್ಯದ ಸುತ್ತ ಬೆಟ್ಟಿಂಗಿನ ಆಹ್ವಾನಗಳು ತುಂಬಿರುತ್ತವೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯಿದೆಯ ಮೂಲಕ ನಿಷೇಧಿಸಿದ್ದರೂ ಜಾಲ ಬೀಸುವವರು ಇದ್ದೇ ಇದ್ದಾರೆ. ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣ ಮರಳುವ ಆಸೆ ಕ್ಷೀಣ. ಆದರೆ ಬೈಗುಳದ ಭಯವಿರುವ ಮನೆಯಲ್ಲಿ ಮಗ ಅದನ್ನು ಒಡನೆಯೇ ಹೇಳುವುದಿಲ್ಲ, ಮುಚ್ಚಿಡುತ್ತಾನೆ. ಪತ್ರ ಬರೆದ ತಾಯಿಯವರ ಯಜಮಾನರು ಈ ಮಾತನ್ನು ಸಾವಧಾನವಾಗಿ ಆಲೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಮಗನೊಡನೆ ಮಾತು ಆರಂಭಿಸುವ ಹೊಣೆ ತಂದೆಯದು, ಹದಿನೈದರ ಹುಡುಗನದಲ್ಲ. ಅದಕ್ಕೆ ಮುಂದಿನ ಪಂದ್ಯದ ದಿನ ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಂಡರೆ ಸಾಕು, “ಇವನಾರು, ಅವನೇಕೆ ಅಲ್ಲಿ ನಿಂತಿದ್ದಾನೆ?” ಎಂದು ಕೇಳಿದರೆ ಹುಡುಗ ಎಲ್ಲವನ್ನೂ ಹೇಳುತ್ತಾನೆ.

ಕುಳಿತ ಮೇಲೆ ಏನನ್ನು ನೋಡಬೇಕು? ಕ್ಯಾಮರಾ ಸದಾ ಚೆಂಡಿನ ಬೆನ್ನು ಹತ್ತಿರುತ್ತದೆ; ಹೊಸಬರೂ ಅದನ್ನೇ ಹಿಂಬಾಲಿಸುತ್ತಾರೆ. ಚೆಂಡಿಲ್ಲದ ಆಟಗಾರರು ಎತ್ತ ಓಡುತ್ತಿದ್ದಾರೆಂದು ನೋಡಿದರೆ ಮುಂದೆ ಚೆಂಡು ಎಲ್ಲಿಗೆ ಬರುವುದೆಂದು ಊಹಿಸಬಹುದು. ಗಮನ ತಪ್ಪಿದರೆ ಏನಾಗುವುದೆಂಬುದಕ್ಕೆ 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದೇ ಸಾಕ್ಷಿ. ಬೆಂಗಳೂರಿಗೂ ಕೇರಳ ಬ್ಲಾಸ್ಟರ್ಸ್‌ಗೂ ನಾಕೌಟ್ ಪಂದ್ಯ. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಕಾಲದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಗೋಡೆಯಂತೆ ನಿಲ್ಲುವ ಮೊದಲೇ, ಗೋಲ್‌ಕೀಪರ್ ಸಿದ್ಧನಾಗುವ ಮೊದಲೇ, ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಎಂದರು. ಕೇರಳದವರು ಒಪ್ಪದೆ ಮೈದಾನವನ್ನೇ ಬಿಟ್ಟು ಹೊರನಡೆದರು; ಜಯ ಬೆಂಗಳೂರಿಗೆ ಸಂದಿತು. ಅದು ಚಾತುರ್ಯವೋ ಅನ್ಯಾಯವೋ ಎಂಬ ಚರ್ಚೆ ಮುಗಿದಿಲ್ಲ. ನಿಯಮದೊಳಗೆ ನಡೆದುದನ್ನು ಚಾತುರ್ಯವೆನ್ನುವ ಪಕ್ಷ ನಮ್ಮದು. ಇಂಥ ಚರ್ಚೆ ಮನೆಯಲ್ಲಿ ನಡೆಯಲಿ. ಮುತ್ಯಾ ಒಂದು ಪಕ್ಷ, ಮೊಮ್ಮಗ ಇನ್ನೊಂದು ಪಕ್ಷ ಹಿಡಿಯಲಿ.

ಸೋಲಿನ ಸಂಜೆ ಹೆಚ್ಚು ಎಚ್ಚರ ಬೇಕು. 2016ರ ನವೆಂಬರ್ 5ರಂದು ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಬೆಂಗಳೂರು ತಂಡ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ ಒಂದೇ ಗೋಲಿನಿಂದ ಸೋತಿತು; ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಹಂತ ಮುಟ್ಟಿರಲಿಲ್ಲ. ಲೀಗಿನ ಕಿರೀಟ 2019ರಲ್ಲಿ ದಕ್ಕಿತು. 2023ರಲ್ಲಿಯೂ 2025ರಲ್ಲಿಯೂ ಅಂತಿಮ ಪಂದ್ಯದಲ್ಲಿ ಕೈತಪ್ಪಿತು. ಸೋತ ರಾತ್ರಿ ಮಗ ಮುಖ ಕೆಳಗೆ ಹಾಕಿ ಕುಳಿತಾಗ “ಇದರಿಂದ ನಿನಗೇನು ಬಂತು?” ಎಂಬ ಮಾತು ಹಿರಿಯರ ಬಾಯಿಂದ ಬರಬಾರದು. ಮಳೆ ಕೈಕೊಟ್ಟ ವರ್ಷ ಮಂಕಾಗಿ ಕುಳಿತ ರೈತನನ್ನು ನಾವು ಹಾಗೆ ಕೇಳುವುದಿಲ್ಲ. ದುಃಖದ ಪ್ರಮಾಣ ಬೇರೆ, ನಿಜ. ಆ ವಯಸ್ಸಿಗೆ ಅದು ದೊಡ್ಡದೇ.

ವಿದೇಶದ ತಂಡಗಳ ಅಭಿಮಾನಿಗಳಿಗೆ ನಿದ್ರೆಯೇ ಮೊದಲ ಸಮಸ್ಯೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳು ಚಳಿಗಾಲದಲ್ಲಿ ಬಹುಮಟ್ಟಿಗೆ ನಮ್ಮ ರಾತ್ರಿ 1:30ಕ್ಕೆ ಆರಂಭವಾಗುತ್ತವೆ. ಮರುದಿನ ಶಾಲೆಯಿರುವ ಮಗುವಿಗೆ ಇದು ಸಲ್ಲದು. ಬೆಳಿಗ್ಗೆ ಎದ್ದು ಮರುಪ್ರಸಾರ ನೋಡಲಿ. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರಿಗೂ ಮರುಪ್ರಸಾರವೇ ಗತಿ. ಆಗ ಮನೆಯವರು ಪಾಲಿಸಬೇಕಾದ ಧರ್ಮ ಒಂದೇ: ಅವರು ನೋಡಿ ಮುಗಿಸುವವರೆಗೆ ಫಲಿತಾಂಶವನ್ನು ಬಾಯಿ ಬಿಡಬಾರದು. ಮೊಬೈಲಿನ ಪ್ರಸಾರ ಕೇಬಲ್ಲಿಗಿಂತ ಸಾಮಾನ್ಯವಾಗಿ ಹಿಂದೆ ಇರುತ್ತದೆಂಬುದೂ ನೆನಪಿರಲಿ; ನೆರೆಮನೆಯ ಕೂಗು ನಿಮ್ಮ ಗೋಲಿಗಿಂತ ಮೊದಲೇ ಕೇಳಿಸೀತು.

2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ಭಾರತ ತಂಡ ಬಹುತೇಕ ಖಾಲಿ ಕ್ರೀಡಾಂಗಣದಲ್ಲಿ ಆಡಿ ಗೆದ್ದಾಗ, ಛೆಟ್ರಿ ಜನರಿಗೆ ಕೈಮುಗಿದು, ಬೈಯಲಿಕ್ಕಾದರೂ ಸರಿ ಬಂದು ನೋಡಿರೆಂದು ವಿನಂತಿಸಿದರು. ಜೂನ್ 4ರ ಮುಂದಿನ ಪಂದ್ಯಕ್ಕೆ ಟಿಕೆಟ್ಟೆಲ್ಲ ಮಾರಾಟವಾದವು. ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಲಿಂಗಸುಗೂರು, ಸಿಂಧನೂರು, ಮಸ್ಕಿಗಳಿಂದ ಕಂಠೀರವಕ್ಕೆ ದಾರಿ ನೂರಿನ್ನೂರು ಕಿಲೋಮೀಟರಿನದಲ್ಲ, ಇಡೀ ರಾತ್ರಿಯ ಪ್ರಯಾಣ. ಪರೀಕ್ಷೆ ಮುಗಿದ ಮೇಲೆ ಋತುವಿನಲ್ಲಿ ಇನ್ನೂ ಪಂದ್ಯ ಉಳಿದಿದ್ದರೆ ತಂದೆ ಮಗ ಒಮ್ಮೆ ಹೋಗಿ ಬರಲಿ. ಕ್ಯಾಮರಾ ತೋರಿಸದ ಅರ್ಧ ಮೈದಾನ ಅಲ್ಲಿ ಕಣ್ಣಿಗೆ ಬೀಳುತ್ತದೆ. ಸಂಜೆ 5ಕ್ಕೆ ಆರಂಭವಾಗುವ ಪಂದ್ಯವನ್ನು ಆರಿಸಿಕೊಂಡರೆ 7ರ ಸುಮಾರಿಗೆ ಆಟ ಮುಗಿದು, ಮರಳುವ ರಾತ್ರಿ ಬಸ್ಸಿಗೆ ಮೆಜೆಸ್ಟಿಕ್ ತಲುಪಲು ಸಮಯ ಸಿಗುತ್ತದೆ. ಬುತ್ತಿಯನ್ನು ಮೊದಲೇ ಪಕ್ಕದ ಕಬ್ಬನ್ ಉದ್ಯಾನದ ಮರದ ನೆರಳಿನಲ್ಲಿ ಬಿಚ್ಚಿ ಮುಗಿಸಿರಿ. ಗೇಟಿನವರು ರೊಟ್ಟಿಯ ಗಂಟನ್ನು ಒಳಗೆ ಬಿಡಲಾರರು.