ಪಾಠವಿದೆ, ಪರೀಕ್ಷೆಯಿಲ್ಲ

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಗುಡ್ಡಗಳ ಮೇಲೆ ಬಿದಿರು, ತಾಡಪಾಲುಗಳಿಂದ ಕಟ್ಟಿದ ಊರೊಂದಿದೆ. ಅದೇ ಕುಟುಪಾಲಾಂಗ್ ನಿರಾಶ್ರಿತರ ಶಿಬಿರ. 2017ರ ಆಗಸ್ಟ್‌ನಿಂದೀಚೆಗೆ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ ಸೇನೆಯ ದಾಳಿಗೆ ಸಿಕ್ಕಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಗಡಿ ದಾಟಿ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಆಗ ಮೂರನೆಯ ತರಗತಿಯಲ್ಲಿದ್ದ ಹುಡುಗನಿಗೆ 2025ರಲ್ಲಿ ಹದಿನಾರು ತುಂಬಿತು ಎನ್ನೋಣ. ಅವನು ಓದಿದ್ದೇನು?

ಮೊದಮೊದಲು ಸಿಕ್ಕಿದ್ದು ಕಲಿಕಾ ಕೇಂದ್ರದಲ್ಲಿ ದಿನಕ್ಕೆರಡು ಗಂಟೆ ಅಕ್ಷರ, ಲೆಕ್ಕ, ಹಾಡು. ಶಾಲೆ ಎಂಬ ಹೆಸರೂ ಅದಕ್ಕಿರಲಿಲ್ಲ. ಬಂಗಾಳಿ ಕಲಿತರೆ ಇವರು ಇಲ್ಲೇ ಬೇರೂರುತ್ತಾರೆ ಎಂಬುದು ಬಾಂಗ್ಲಾದೇಶ ಸರ್ಕಾರದ ಅಳುಕು. ಕಿಕ್ಕಿರಿದ ಬಡ ದೇಶ ಇಷ್ಟು ಜನಕ್ಕೆ ನೆಲೆ ಕೊಟ್ಟಿದ್ದೇ ದೊಡ್ಡದು, ನಿಜ. ಆದರೆ 2019ರ ಆರಂಭದಲ್ಲಿ, ಸುತ್ತಲಿನ ಹೈಸ್ಕೂಲುಗಳಲ್ಲಿ ಗುರುತು ಮರೆಸಿ ಓದುತ್ತಿದ್ದ ರೋಹಿಂಗ್ಯಾ ಮಕ್ಕಳನ್ನು ಹುಡುಕಿ ಹೊರಹಾಕಿದ್ದನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ತರಗತಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದವರೂ ಅವರಲ್ಲಿದ್ದರು.

2021ರ ಕೊನೆಯಲ್ಲಿ ಮ್ಯಾನ್ಮಾರ್ ಪಠ್ಯಕ್ರಮ ಪ್ರಾಯೋಗಿಕವಾಗಿ ಶುರುವಾಯಿತು. ಪುಸ್ತಕ ಬರ್ಮೀ ಭಾಷೆಯದು, ಮನೆಯ ಮಾತು ರೋಹಿಂಗ್ಯಾ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಬಗೆಯನ್ನು ಸ್ವಂತ ಮಾತಿನಲ್ಲಿ ತಿಳಿಯುವುದೇ ಮಕ್ಕಳಿಗೆ ಕಷ್ಟ. ಇವರು ಮೊದಲು ಭಾಷೆಯನ್ನು ದಾಟಬೇಕು, ಆಮೇಲೆ ವಿಜ್ಞಾನ. ಅದನ್ನೂ ಕಲಿಸಬಲ್ಲವರು ವಿರಳ, ಏಕೆಂದರೆ 2012ರ ಗಲಭೆಯ ನಂತರ ಸಿಟ್ವೆ ವಿಶ್ವವಿದ್ಯಾಲಯದ ಬಾಗಿಲು ರೋಹಿಂಗ್ಯಾ ಯುವಕರಿಗೆ ಮುಚ್ಚಿತ್ತು. ಆಗ ಓದಬೇಕಾಗಿದ್ದವರೇ ಈಗ ಮೇಷ್ಟ್ರಾಗಿರಬೇಕಿತ್ತು. ಇನ್ನು ಹೆಣ್ಣುಮಕ್ಕಳು: ಮೈನೆರೆದ ಮೇಲೆ ಅನೇಕರು ಗುಡಿಸಲು ಬಿಟ್ಟು ಹೊರಬರುವುದಿಲ್ಲ.

ಇಷ್ಟೆಲ್ಲ ದಾಟಿ ಓದಿದ ಹುಡುಗನ ಕೈಗೆ ಅಂಕಪಟ್ಟಿ ಬರುವುದಿಲ್ಲ. ಶಿಬಿರದಲ್ಲಿ ಮ್ಯಾನ್ಮಾರ್‌ನ ಸರ್ಕಾರಿ ಪರೀಕ್ಷೆ ನಡೆಯುವುದಿಲ್ಲ. ಬಾಂಗ್ಲಾದೇಶದ ಬೋರ್ಡ್ ಪರೀಕ್ಷೆಗೆ ಕೂರಲು ಅವನಿಗೆ ಅನುಮತಿಯಿಲ್ಲ. ಗಣಿತ ಬರುತ್ತದೆ ಎಂದು ಅವನು ಹೇಳಬಹುದು, ತೋರಿಸಲು ಕಾಗದವಿಲ್ಲ. ಕಾಗದವಿಲ್ಲದವನನ್ನು ಯಾವ ಕಾಲೇಜು ಸೇರಿಸಿಕೊಂಡೀತು?

2025ರಲ್ಲಿ ವಿದೇಶಗಳ ನೆರವು ಕುಗ್ಗಿ, ಕಲಿಕಾ ಕೇಂದ್ರಗಳ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರು ಕೆಲಸ ಕಳೆದುಕೊಂಡರು. ಕೆಳ ತರಗತಿಗಳ ಇಂಗ್ಲಿಷ್ ಪಾಠ ನಿಂತಿತು. ಚಿತ್ತಗಾಂಗಿನ ಏಷ್ಯನ್ ಮಹಿಳಾ ವಿಶ್ವವಿದ್ಯಾಲಯವೊಂದು ಕೆಲವು ರೋಹಿಂಗ್ಯಾ ಯುವತಿಯರಿಗೆ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಿದೆ. ಅಲ್ಲಿ ಪಾಠ ನಡೆಯುವುದು ಇಂಗ್ಲಿಷ್‌ನಲ್ಲಿ.