ಮನೆಯ ಆರೋಗ್ಯ: ಇರುಳು ದುಡಿಯುವ ವೈದ್ಯರ ಹಗಲು ನಿದ್ರೆ

ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಂಡು ಬೆಳಗ್ಗೆ ಮನೆಗೆ ಬರುವ ವೈದ್ಯರಿಗೆ, ಹಾಸಿಗೆಯನ್ನು ಸೇರಿದರೂ ನಿದ್ರೆ ಹತ್ತದೆಂಬ ದೂರು ಹೊಸದಲ್ಲ. ಅಂಥವರಲ್ಲಿ ಕೆಲವರು ಈಗ ಮೆಲಟೋನಿನ್ ಎಂಬ ಗುಳಿಗೆಯನ್ನು ಆಶ್ರಯಿಸುತ್ತಿರುವರು. ವೈದ್ಯರೂ ಯಾವುದೋ ಒಂದು ಮನೆಯ ಮಕ್ಕಳೇ ಆದುದರಿಂದ, ಅದರ ಗುಣಾವಗುಣಗಳನ್ನು ನಮ್ಮ ವಾಚಕರು ಅರಿತಿರುವುದು ಒಳ್ಳೆಯದು.

ಮೆಲಟೋನಿನ್ ನಮ್ಮ ಮಿದುಳಿನೊಳಗೆ, ಬಟಾಣಿಕಾಳಿಗಿಂತಲೂ ಚಿಕ್ಕದಾದ ಪೀನಿಯಲ್ ಗ್ರಂಥಿಯಲ್ಲಿ ಹುಟ್ಟುವ ರಸ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಆರನ್ ಲರ್ನರ್ ಎಂಬ ಚರ್ಮವೈದ್ಯರು ಅದನ್ನು ದನಗಳ ಗ್ರಂಥಿಗಳಿಂದ ಬೇರ್ಪಡಿಸಿದರು. ಅವರು ಅರಸಿದುದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ ವಸ್ತುವನ್ನು. ದೊರೆತುದು ಇರುಳಿನ ದೂತ! ಕತ್ತಲಾದ ಮೇಲೆ ಈ ರಸವು ರಕ್ತದಲ್ಲಿ ಏರುವುದು. ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದರೆ ಇಳಿಯುವುದು. ಬಲವಂತದಿಂದ ಮಂಪರು ಕವಿಸುವ ಔಷಧಗಳ ಜಾತಿಗೆ ಇದು ಸೇರಿದುದಲ್ಲ. ಇರುಳಾಯಿತೆಂದು ದೇಹಕ್ಕೆ ಸಾರುವ ಡಂಗುರವೆನ್ನಬಹುದು. ರಾತ್ರಿಪಾಳಿಯವರಾದರೋ ಡಂಗುರ ಕೇಳುವ ಹೊತ್ತಿನಲ್ಲಿ ದೀಪಗಳ ಕೆಳಗೆ ಎಚ್ಚರವಾಗಿದ್ದು, ಸೂರ್ಯನು ಮೇಲೇರುವಾಗ ಮಲಗಬೇಕು.

ಗುಳಿಗೆಯಿಂದ ಫಲವೆಷ್ಟು? 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ಪಾಳಿಯ ಕೆಲಸಗಾರರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರು. ರಾತ್ರಿಪಾಳಿಯ ಅನಂತರ 1ರಿಂದ 10 ಮಿಲಿಗ್ರಾಂ ಸೇವಿಸಿದವರ ಹಗಲು ನಿದ್ರೆಯು ಸರಾಸರಿ 24 ನಿಮಿಷ ಹೆಚ್ಚಿತು. ನಿದ್ರೆ ಬೇಗ ಹತ್ತಿದುದು ಮಾತ್ರ ಕಾಣಲಿಲ್ಲ. ಈ ಪುರಾವೆಯೂ ಗಟ್ಟಿಯಾದುದಲ್ಲವೆಂದು ಅವರೇ ಹೇಳಿರುವರು. ಇಷ್ಟನ್ನು ನಾವು ಹಳಿಯುವುದಿಲ್ಲ. ಬಳಲಿದವರಿಗೆ ಅದೂ ಬೇಕು. ಆದರೆ ಕೊಳ್ಳುವ ಸರಕು ಎಂಥದು? ಕೆನಡಾ ದೇಶದಲ್ಲಿ ಅಂಗಡಿಯ 31 ಬಗೆಗಳನ್ನು ಪರೀಕ್ಷಿಸಿದವರು 2017ರಲ್ಲಿ ಪ್ರಕಟಿಸಿದಂತೆ, ಒಂದರಲ್ಲಿ ಚೀಟಿಯಲ್ಲಿ ಬರೆದುದಕ್ಕಿಂತ ನೂರಕ್ಕೆ 83 ಪಾಲು ಕಡಮೆಯಿತ್ತು. ಮತ್ತೊಂದರಲ್ಲಿ 478 ಪಾಲು ಹೆಚ್ಚಿತ್ತು. ಗರ್ಭಿಣಿಯರೂ, ಮೊಲೆಯೂಡಿಸುವ ತಾಯಂದಿರೂ, ರಕ್ತವನ್ನು ತೆಳುವಾಗಿಸುವ ಔಷಧವನ್ನು ಸೇವಿಸುವವರೂ ಕೇಳದೆ ಇದನ್ನು ಮುಟ್ಟಬಾರದು. ತಾವೇ ವೈದ್ಯರಾದವರು ಮತ್ತೊಬ್ಬ ವೈದ್ಯರನ್ನು ಕೇಳುವುದೇ ಕಷ್ಟವಷ್ಟೆ!

ನಮಗೆ ತೋರುವಂತೆ ರೋಗದ ಮೂಲವು ಗಂಟೆಗಳ ಲೆಕ್ಕದಲ್ಲಿದೆ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಎಳೆಯ ವೈದ್ಯರ ದೀರ್ಘ ಪಾಳಿಗಳನ್ನು ಮೊಟಕು ಪಾಳಿಗಳೊಡನೆ ಹೋಲಿಸಿದಾಗ, ದೀರ್ಘ ಪಾಳಿಗಳಲ್ಲಿ ಗುರುತರವಾದ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚಾಗಿದ್ದುವೆಂದು 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ, ಕಲಿಯುತ್ತ ದುಡಿಯುವ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ಸಲಹೆಮಾಡಿತು. ಎಪ್ಪತ್ತನಾಲ್ಕೂ ಕಡಮೆಯಲ್ಲ.

ಗಂಟೆಗಳು ನಮ್ಮ ಕೈಯಲ್ಲಿಲ್ಲ, ಮನೆ ಇದೆ. ಮಲಗುವ ಕೋಣೆಗೆ ದಪ್ಪನೆಯ ಪರದೆ ಹಾಕಿರಿ. ಬಾಗಿಲ ಗಂಟೆ, ದೂರವಾಣಿ, ಕುಕ್ಕರಿನ ಸಿಳ್ಳು ಇವು ಕೆಲವು ತಾಸು ಸುಮ್ಮನಿರಲಿ. ಮಗನು ರಾತ್ರಿ ದುಡಿದು ಬಂದರೆ ಮನೆಯೆಲ್ಲ ಪಿಸುಗುಟ್ಟುವುದನ್ನೂ, ಸೊಸೆಯು ಹಾಗೆಯೇ ಬಂದರೆ ನೇರವಾಗಿ ಒಲೆಯ ಮುಂದೆ ನಿಲ್ಲುವುದನ್ನೂ ನಾವು ಕಂಡಿದ್ದೇವೆ. ಅಂದಿನ ಅಡಿಗೆಯನ್ನು ಬೇರೆಯವರು ಮಾಡಬಹುದು. ಗುಳಿಗೆಯನ್ನು ಸೇವಿಸುವುದಾದರೆ ಮನೆಗೆ ಬಂದ ಮೇಲೆಯೇ ಸೇವಿಸತಕ್ಕದ್ದು. ನುಂಗಿ ವಾಹನ ನಡೆಸಬಾರದು. ಗುಳಿಗೆಯಿಲ್ಲದಿದ್ದರೂ, ಇರುಳೆಲ್ಲ ಕಣ್ಣು ಮುಚ್ಚದವರು ಬೆಳಗಿನ ದಾರಿಯಲ್ಲಿ ತೂಕಡಿಸುವುದುಂಟು. ಪಾಳಿ ಮುಗಿಯುವ ಹೊತ್ತಿಗೆ ಮನೆಯವರೊಬ್ಬರು ಹೋಗಿ ಕರೆದುಕೊಂಡು ಬರಲಿ.